ಮರೆವಿನ ಬೇನೆಯೂ ಸರ್ಕಾರದ ಹಣವೂ

ಡಿಮೆನ್ಷಿಯಾ ಎಂಬ ಮರೆವಿನ ಬೇನೆಯ ಸಂಶೋಧನೆಗಾಗಿ ಬ್ರಿಟನ್ನಿನಲ್ಲಿ 2017ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಂಸ್ಥೆಗೆ ಮೊದಲು ಗೊತ್ತುಮಾಡಿದ 25 ಕೋಟಿ ಪೌಂಡುಗಳಲ್ಲಿ 15 ಕೋಟಿ ಸರ್ಕಾರದ್ದು. ಹೆಸರಾಂತ ವಿಜ್ಞಾನಿಗಳಿಗೆ ಇಂಥ ನೆರವು ಸಲ್ಲುವುದು ನ್ಯಾಯವೇ. ಆದರೆ ಅಷ್ಟರಿಂದಲೇ ಕಾರ್ಯಸಿದ್ಧಿಯಾಯಿತೆಂದು ನಾವು ಭಾವಿಸಲಾಗದು.

ಈ ಬೇನೆಯ ಮುಖ್ಯ ರೂಪವನ್ನು ಆಲ್ಜೈಮರನು 1906ರಲ್ಲಿ ವರ್ಣಿಸಿದನು. ರೋಗಿಗಳ ಮಿದುಳಿನ ರಕ್ತನಾಳಗಳಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನನ್ನು ಗ್ಲೆನರ್ ಮತ್ತು ವಾಂಗ್ ಎಂಬವರು 1984ರಲ್ಲಿ ಬೇರ್ಪಡಿಸಿದರು. ಅಮಿಲಾಯ್ಡನ್ನು ಮಿದುಳಿನಿಂದ ತೊಲಗಿಸುವ ಲೆಕಾನೆಮ್ಯಾಬ್ ಔಷಧಕ್ಕೆ ಅಮೆರಿಕವು ಪೂರ್ಣ ಸಮ್ಮತಿಯಿತ್ತದ್ದು 2023ರಲ್ಲಿ. ಅದೂ ಬೇನೆಯನ್ನು ಗುಣಪಡಿಸದು. ತುಸು ನಿಧಾನಗೊಳಿಸುತ್ತದೆ, ಅಷ್ಟೆ.

ಪ್ರೋಟೀನಿನಿಂದ ಔಷಧಕ್ಕೆ 39 ವರ್ಷ! ಅದು ಒಬ್ಬ ವಿಜ್ಞಾನಿಯ ಇಡೀ ವೃತ್ತಿಜೀವನ. ಆದುದರಿಂದ ಇಂದಿನ ಹಿರಿಯರು ತೊಡಗಿದ ಕೆಲಸವನ್ನು ಮುಗಿಸಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಸರ್ಕಾರಗಳು ಹಿರಿಯರನ್ನು ಮನ್ನಿಸುವಾಗ ಹೆಸರಿಲ್ಲದ ಕಿರಿಯರಿಗೂ ಒಂದು ಪಾಲನ್ನು ಮೀಸಲಿಡಬೇಕು. ಇಟ್ಟ ಪಾಲನ್ನು ನಡುವೆ ನಿಲ್ಲಿಸಬಾರದು.