ಬ್ಯಾಕ್ಟೀರಿಯಾ ಯುರೇನಿಯಂ ತಿಂದು ಮುಗಿಸಲ್ಲ

ಯುರೇನಿಯಂ ಸೇರಿ ಕೆಟ್ಟುಹೋದ ನೆಲವನ್ನು ಬ್ಯಾಕ್ಟೀರಿಯಾಗಳು ಸ್ವಚ್ಛ ಮಾಡುತ್ತವೆ ಅಂದ ತಕ್ಷಣ ನಮ್ಮ ಮೆಸ್ಸಿನ ಚರ್ಚೆ ಮುಗಿದುಹೋಗುತ್ತೆ. "ಸೂಪರ್ ಗುರು, ಅವೇ ತಿಂದು ಹಾಕ್ತಾವಲ್ಲ, ಇನ್ನೇನು ಟೆನ್ಷನ್?" ಅಂತೀವಿ. ಇಲ್ಲೇ ನಮ್ಮ ತಕರಾರು. ಆ ಜೀವಿಗಳು ಮಾಡೋ ಕೆಲಸ ದೊಡ್ಡದೇ. ಆದರೆ ಅದು ತಿನ್ನೋ ಕೆಲಸ ಅಲ್ಲ.

ಅಮೆರಿಕದ ಕೊಲರಾಡೊದಲ್ಲಿ ರೈಫಲ್ ಅಂತ ಒಂದು ಊರಿದೆ. ಅಲ್ಲಿ ಹಿಂದೆ ಯುರೇನಿಯಂ ಅದಿರು ಸಂಸ್ಕರಿಸುವ ಘಟಕವಿತ್ತು. ಅದು ಮುಚ್ಚಿ, ತ್ಯಾಜ್ಯದ ರಾಶಿಯನ್ನೆಲ್ಲ ಬೇರೆಡೆ ಸಾಗಿಸಿದ ಮೇಲೂ ಅಂತರ್ಜಲದಲ್ಲಿ ಯುರೇನಿಯಂ ಉಳಿದೇ ಇತ್ತು. 2002ರಲ್ಲಿ ವಿಜ್ಞಾನಿಗಳು ಅಲ್ಲಿ ನೆಲದೊಳಕ್ಕೆ ಅಸಿಟೇಟ್ ಬಿಟ್ಟರು. ಹೊರಗಿಂದ ಬ್ಯಾಕ್ಟೀರಿಯಾ ತಂದು ಹಾಕಲಿಲ್ಲ. ಅದೇ ಮಣ್ಣಲ್ಲಿದ್ದ ಜಿಯೋಬ್ಯಾಕ್ಟರ್‌ಗೆ ಊಟ ಸಿಕ್ಕಿತು, ಅದರ ಸಂಖ್ಯೆ ಬೆಳೆಯಿತು, ನೀರಿನಲ್ಲಿದ್ದ ಯುರೇನಿಯಂ ಪ್ರಮಾಣ ಇಳಿಯಿತು.

ಹೇಗೆ? ನಾವು ಊಟದಿಂದ ಬಂದ ಎಲೆಕ್ಟ್ರಾನುಗಳನ್ನು ಕೊನೆಗೆ ಆಮ್ಲಜನಕಕ್ಕೆ ಕೊಡುತ್ತೇವೆ. ಆಮ್ಲಜನಕವಿಲ್ಲದ ಮಣ್ಣಿನಾಳದಲ್ಲಿ ಜಿಯೋಬ್ಯಾಕ್ಟರ್ ಅವನ್ನು ಕಬ್ಬಿಣದ ಆಕ್ಸೈಡಿಗೆ ಕೊಡುತ್ತೆ, ಸಿಕ್ಕರೆ ಯುರೇನಿಯಂಗೂ ಕೊಡುತ್ತೆ. ನೀರಿನಲ್ಲಿ ಕರಗಿ ಹರಿಯುವ ಯುರೇನಿಯಂ-6 ಎರಡು ಎಲೆಕ್ಟ್ರಾನ್ ಪಡೆದು, ಸುಲಭವಾಗಿ ಕರಗದ ಯುರೇನಿಯಂ-4 ಆಗಿ ಮಣ್ಣಲ್ಲೇ ಕೂರುತ್ತೆ. ಈ ವಿಷದ ಲೋಹ ಕೋಶದೊಳಗೆ ಹೊಕ್ಕರೆ ಬ್ಯಾಕ್ಟೀರಿಯಾಕ್ಕೇ ಅಪಾಯ. ಅದಕ್ಕೇ ಅದು ಮೈಮೇಲಿನ ಪಿಲಿ ಎಂಬ ಸಣ್ಣ ಎಳೆಗಳಿಂದ ಹೆಚ್ಚಿನ ಕೆಲಸವನ್ನು ಹೊರಗೇ ಮುಗಿಸಿಕೊಳ್ಳುತ್ತೆ. ಅದು ಬದುಕುಳಿಯುವ ಗುಟ್ಟೂ ಅದೇ, ನಮಗೆ ಮಾಡುವ ಉಪಕಾರವೂ ಅದೇ.

ಈಗ ಲೆಕ್ಕ ನೋಡೋಣ. ಬದಲಾಗಿದ್ದು ಎಲೆಕ್ಟ್ರಾನುಗಳ ಸಂಖ್ಯೆ ಮಾತ್ರ. ನ್ಯೂಕ್ಲಿಯಸ್ಸನ್ನು ಯಾವ ಬ್ಯಾಕ್ಟೀರಿಯಾವೂ ಮುಟ್ಟಿಲ್ಲ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಅದು ಇದ್ದಲ್ಲೇ ಇದೆ, ಹರಿಯೋದು ನಿಂತಿದೆ ಅಷ್ಟೆ. ಮತ್ತೆ ಆಮ್ಲಜನಕ ತಾಗಿದರೆ ಮತ್ತೆ ಕರಗಬಹುದು. ರೈಫಲ್‌ನಲ್ಲೇ ಮುಂದೆ ಆಗಿದ್ದೇನು? ಸಲ್ಫೇಟ್ ಬಳಸುವ ಬೇರೆ ಬ್ಯಾಕ್ಟೀರಿಯಾಗಳು ಬಂದು ಅಸಿಟೇಟನ್ನು ಕಬಳಿಸಿದವು. ಯುರೇನಿಯಂ ತೆಗೆಯುವ ಕೆಲಸ ಕುಂಟಿತು, ನೀರಿನಲ್ಲಿ ಅದರ ಪ್ರಮಾಣ ಮತ್ತೆ ಏರಿತು.

ಹಾಗಂತ ಈ ವಿಧಾನ ಬೇಡ ಅಂತ ನಾವು ಹೇಳ್ತಿಲ್ಲ. ವರ್ಷಗಟ್ಟಲೆ ನೀರೆತ್ತಿ ಶುದ್ಧೀಕರಿಸುವುದಾಗಲೀ, ಆಳದ ಮಣ್ಣನ್ನೆಲ್ಲ ಅಗೆಯುವುದಾಗಲೀ ಸುಲಭವಲ್ಲ. ಯುರೇನಿಯಂ ನದಿಗೋ ಬಾವಿಗೋ ಸೇರದಂತೆ ತಡೆದರೆ ಅದೂ ದೊಡ್ಡ ಗೆಲುವೇ. ಆದರೆ ಇದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ. ಊಟ ಹಾಕುತ್ತಿರಬೇಕು, ಬಾವಿಯ ನೀರು ಪರೀಕ್ಷಿಸುತ್ತಿರಬೇಕು, ಅದಕ್ಕೆ ದುಡ್ಡು ಮತ್ತು ಜನರನ್ನು ಮೊದಲೇ ಎತ್ತಿಡಬೇಕು. ಬಯೋಟೆಕ್‌ನವರು ಶುರು ಮಾಡಿದ್ದನ್ನು ಸಿವಿಲ್‌ನವರು, ಇನ್‌ಸ್ಟ್ರುಮೆಂಟೇಶನ್‌ನವರು ದಶಕಗಟ್ಟಲೆ ಕಾಯಬೇಕು.

ಇದು ಕೊಲರಾಡೊದ ಕಥೆ ಮಾತ್ರ ಅಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ನಿಕ್ಷೇಪವಿದೆ. ನಾಳೆ ಇಂಥ ಯಾವುದೋ ಊರಿನ ಸಭೆಯಲ್ಲಿ ಎಂಜಿನಿಯರ್ ಕುರ್ಚಿಯಲ್ಲಿ ನಮ್ಮಲ್ಲೇ ಒಬ್ಬರು ಕೂತಿರಬಹುದು. ಆಗ "ಏನಾದ್ರೂ ಆದ್ರೆ ಬ್ಯಾಕ್ಟೀರಿಯಾ ನೋಡ್ಕೊಳ್ತಾವೆ ಬಿಡಿ" ಅಂತ ಯಾರಾದರೂ ಸಮಾಧಾನ ಹೇಳಿದರೆ, ನಾವು ಎದ್ದು ಕೇಳಬೇಕಾದ್ದು ಒಂದೇ ಪ್ರಶ್ನೆ: "ಸರಿ ಸಾರ್, ಬ್ಯಾಕ್ಟೀರಿಯಾನ ಯಾರು ನೋಡ್ಕೊಳ್ತಾರೆ, ಎಷ್ಟು ವರ್ಷ?"