ಅಂಗಡಿ ಲೆಕ್ಕ ಬಾಡಿಗೆ ಮನೆಗೆ ಹೋಗುವ ಮುಂಚೆ

ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಶಿರಾ ದಾಟಿ ಹಿರಿಯೂರಿನ ಕಡೆ ಬರುವಾಗ ಜವನಗೊಂಡನಹಳ್ಳಿ ಸಿಗುತ್ತೆ. ಸುತ್ತಲಿನವರ ಬಾಯಲ್ಲಿ ಜೆ.ಜಿ.ಹಳ್ಳಿ. ಹೋಬಳಿ ಕೇಂದ್ರ. ಇಂಥ ಊರಲ್ಲಿ ಗೊಬ್ಬರ-ಬೀಜದ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಶೇಂಗಾ ವ್ಯಾಪಾರ ಮಾಡುವವರು ಇದ್ದೇ ಇರ್ತಾರೆ. ಅಂಥವರ ಕಂಪ್ಯೂಟರಿನಲ್ಲಿ ಟ್ಯಾಲಿ ಇರುತ್ತೆ. ಈಗ ಅವರ ಹತ್ತಿರ ಹೊಸ ಮಾತೊಂದು ಬರ್ತಿದೆ: "ಟ್ಯಾಲಿನ ಕ್ಲೌಡ್‌ಗೆ ಹಾಕ್ಸಿ ಸಾರ್, ಎಲ್ಲಿಂದ ಬೇಕಾದ್ರೂ ನೋಡಬಹುದು, ವೈರಸ್ ಭಯ ಇಲ್ಲ, ಡೇಟಾ ಹೋಗೋ ಮಾತೇ ಇಲ್ಲ."

ಅಂಗಡಿಯವರು ಇದನ್ನ ಯಾರ ಹತ್ತಿರ ವಿಚಾರಿಸ್ತಾರೆ? ಊರಿನ ಇಂಜಿನಿಯರಿಂಗ್ ಹುಡುಗ-ಹುಡುಗಿಯರ ಹತ್ತಿರ. "ಏನಪ್ಪಾ, ನೀನು ಕಂಪ್ಯೂಟರ್ ಸೈನ್ಸ್ ಓದ್ತಿದ್ದೀಯಲ್ಲ, ಇದನ್ನ ಹಾಕ್ಸಬೇಕಾ ಬೇಡ್ವಾ?" ಕ್ಲೌಡ್ ಸರ್ಟಿಫಿಕೇಶನ್ ಮುಗಿಸಿದ ಹುಮ್ಮಸ್ಸಿನಲ್ಲಿ ಬರುವ ಸಲೀಸು ಉತ್ತರ: "ಹಾಕ್ಸಿ ಮಾವ, ಮುಂದೆ ಎಲ್ಲಾ ಅದೇ." ನಮ್ಮ ಅಭಿಪ್ರಾಯ ಬೇರೆ. ಒಂದೇ ಅಂಗಡಿ, ಒಂದೇ ಕಂಪ್ಯೂಟರ್ ಇರುವವರು ತಂತ್ರಾಂಶವನ್ನು ಕ್ಲೌಡ್‌ಗೆ ಸಾಗಿಸಬೇಕಾದ ಅಗತ್ಯ ಇಲ್ಲ. ಅವರು ಸಾಗಿಸಬೇಕಾದ್ದು ಬ್ಯಾಕಪ್ ಮಾತ್ರ. ಎರಡು-ಮೂರು ಕಡೆ ಅಂಗಡಿ, ಗೋದಾಮು ಇರುವವರ ಮಾತು ಬೇರೆ, ಅದಕ್ಕೆ ಆಮೇಲೆ ಬರ್ತೀವಿ.

ಮೊದಲು ಲೆಕ್ಕದ ಪುಸ್ತಕ ಯಾಕೆ ಇಷ್ಟು ಮುಖ್ಯ ಅನ್ನೋದು. 2025ರ ಜುಲೈ ನೆನಪಿಸಿಕೊಳ್ಳಿ. ಯುಪಿಐ ಮೂಲಕ ಬಂದ ಹಣದ ಮಾಹಿತಿ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು ಅನ್ನೋದು ನಿಯಮ. ಬೇಕರಿ, ಕಾಂಡಿಮೆಂಟ್ಸ್‌ನವರು ಕಂಗಾಲಾದರು, ಬೆಂಗಳೂರಿನ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಬೋರ್ಡ್ ಬಿದ್ದವು. ಕೊನೆಗೆ ಮುಖ್ಯಮಂತ್ರಿಗಳೇ ಮಧ್ಯೆ ಬರಬೇಕಾಯ್ತು. ಆ ಗಲಾಟೆಯಲ್ಲಿ ಗಟ್ಟಿಯಾಗಿ ಉತ್ತರ ಕೊಡಲು ಸಾಧ್ಯವಿದ್ದದ್ದು ಲೆಕ್ಕ ಇಟ್ಟವರಿಗೆ. ಬಂದ ಹಣದಲ್ಲಿ ತೆರಿಗೆಯೇ ಇಲ್ಲದ ಹಾಲು-ತರಕಾರಿಯದ್ದೆಷ್ಟು, ಕೈಸಾಲ ವಾಪಸ್ ಬಂದದ್ದೆಷ್ಟು, ಮಗಳು ಮನೆ ಖರ್ಚಿಗೆ ಕಳಿಸಿದ್ದೆಷ್ಟು ಅಂತ ಬಿಡಿಸಿ ತೋರಿಸಲು ಪುಸ್ತಕ ಬೇಕು. ಬ್ಯಾಂಕಿನ ಸಾಲಕ್ಕೂ ಅದೇ ಬೇಕು, ಪಾಲುದಾರರ ಮಧ್ಯೆ ಮನಸ್ತಾಪ ಬಂದರೂ ಅದೇ ಬೇಕು. ಹಾಗಾಗಿ ಆ ಫೈಲ್ ಎಲ್ಲಿರುತ್ತೆ, ಯಾರ ಕೈಯಲ್ಲಿರುತ್ತೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಟ್ಯಾಲಿ ಹುಟ್ಟಿದ್ದು ಬೆಂಗಳೂರಿನಲ್ಲೇ, ಅದೂ ಇಂಥದ್ದೇ ಒಂದು ಅಗತ್ಯದಿಂದ. ಕಾರ್ಖಾನೆ, ಗಿರಣಿಗಳಿಗೆ ಕಚ್ಚಾವಸ್ತು ಮತ್ತು ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಹೊಂದುವ ಲೆಕ್ಕದ ತಂತ್ರಾಂಶ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಬರೆದುಕೊಟ್ಟರು. ಅದು 1986. ಕಂಪನಿಯ ಹೆಸರು ಆಗ ಪ್ಯೂಟ್ರಾನಿಕ್ಸ್. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಈ ಇತಿಹಾಸ ಹೇಳೋಕೆ ಕಾರಣ ಇದೆ: ಟ್ಯಾಲಿ ಹುಟ್ಟಿದ್ದು ಡಾಸ್ ಕಾಲದ ಒಂಟಿ ಕಂಪ್ಯೂಟರಿಗೆ. ಇವತ್ತಿಗೂ ಅದರ ಜಾಯಮಾನ ಅದೇ. ವಿಂಡೋಸ್‌ನಲ್ಲಿ ಓಡುವ ಪ್ರೋಗ್ರಾಂ, ಪಕ್ಕದಲ್ಲಿ ಒಂದು ಡೇಟಾ ಫೋಲ್ಡರ್, ಅದರೊಳಗೆ ಒಂದೊಂದು ಕಂಪನಿಗೆ ಅಂಕಿಯ ಹೆಸರಿನ ಒಂದೊಂದು ಫೋಲ್ಡರ್. ಇಡೀ ಅಂಗಡಿಯ ಎಷ್ಟೋ ವರ್ಷದ ಬದುಕು ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಸುತ್ತೆ.

ಹಾಗಾದರೆ "ಟ್ಯಾಲಿ ಆನ್ ಕ್ಲೌಡ್" ಅಂತ ಮಾರುವುದು ಏನನ್ನ? ಹೆಚ್ಚಿನ ಕಡೆ ಅದು ಇಷ್ಟೇ: ಅಮೆಜಾನ್ ಅಥವಾ ಮೈಕ್ರೋಸಾಫ್ಟ್‌ನ ಡೇಟಾ ಸೆಂಟರಿನಲ್ಲಿ ಒಂದು ವಿಂಡೋಸ್ ವರ್ಚುವಲ್ ಮಶೀನ್ ಬಾಡಿಗೆಗೆ ಹಿಡಿದು, ಅದರಲ್ಲಿ ಅದೇ ಟ್ಯಾಲಿ ಹಾಕಿ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪರದೆಯನ್ನ ಅಂಗಡಿಗೆ ಕಳಿಸೋದು. ಬೇರೆಯವರ ಮನೆಯಲ್ಲಿರುವ ಕಂಪ್ಯೂಟರನ್ನ ಉದ್ದನೆಯ ತಂತಿಯಲ್ಲಿ ನೋಡಿದ ಹಾಗೆ. ನಾವು ಐದನೇ ಸೆಮಿಸ್ಟರ್‌ನಲ್ಲಿ ಓದುವ ಆಟೋಸ್ಕೇಲಿಂಗ್, ಲೋಡ್ ಬ್ಯಾಲೆನ್ಸರ್ ಇಲ್ಲಿ ಯಾವುದೂ ಇಲ್ಲ. ಇದರಲ್ಲಿ ಮೋಸ ಇದೆ ಅಂತ ಹೇಳ್ತಿಲ್ಲ, ಆದರೆ ಕ್ಲೌಡ್ ಅಂದ ತಕ್ಷಣ ತಾನಾಗಿ ಬರುತ್ತೆ ಅಂದುಕೊಂಡ ಗುಣಗಳು ಹೀಗೆ ಸಾಗಿಸಿದ ಮಾತ್ರಕ್ಕೆ ಬರೋದಿಲ್ಲ.

ದೂರದ ಬಗ್ಗೆ ಭಯ ಬೇಡ. ಅಮೆಜಾನ್‌ಗೆ 2016ರಿಂದ ಮುಂಬೈನಲ್ಲಿ, 2022ರಿಂದ ಹೈದರಾಬಾದಿನಲ್ಲಿ ಡೇಟಾ ಸೆಂಟರುಗಳಿವೆ. ಮೈಕ್ರೋಸಾಫ್ಟ್ 2015ರಲ್ಲೇ ಪುಣೆ, ಚೆನ್ನೈ, ಮುಂಬೈನಲ್ಲಿ ಶುರು ಮಾಡಿತ್ತು. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತೆ. ಸಾವಿರ ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್. ನಡುವಿನ ರೌಟರುಗಳ ತಡ ಸೇರಿಸಿದರೂ ಬೆರಳಿಗೆ ಗೊತ್ತಾಗಲ್ಲ. ತೊಂದರೆ ಇರೋದು ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ. ರಸ್ತೆ ಬದಿ ಜೆಸಿಬಿ ಒಂದು ಸಲ ಬಾಯಿ ಹಾಕಿದರೆ ಕೇಬಲ್ ತುಂಡು. ಕರೆಂಟ್ ಹೋದರೆ ಯುಪಿಎಸ್ ಕಂಪ್ಯೂಟರನ್ನ ಅರ್ಧ ಗಂಟೆ ನಡೆಸಬಹುದು, ಮೋಡೆಮ್‌ಗೆ ಯುಪಿಎಸ್ ಹಾಕಿದವರು ಎಷ್ಟು ಜನ? ಮುಂಗಾರು ಬಿದ್ದ ವಾರ ಗೊಬ್ಬರದಂಗಡಿ ಮುಂದೆ ಜನ ನಿಂತಿರುವಾಗ "ನೆಟ್ ಇಲ್ಲ, ಬಿಲ್ ಬರಲ್ಲ" ಅಂದರೆ ರೈತ ಕೇಳ್ತಾನಾ? ಮೊಬೈಲ್ ಹಾಟ್‌ಸ್ಪಾಟ್ ಇದೆ, ನಿಜ. ಆದರೆ ಆ ಹೊತ್ತಿಗೆ ಮಾಲೀಕರ ಫೋನಿನಲ್ಲಿ ಸಿಗ್ನಲ್ ಇರಬೇಕು, ಮಾಲೀಕರು ಅಂಗಡಿಯಲ್ಲಿರಬೇಕು. ಇನ್ನು ಪ್ರಿಂಟರ್ ವಿಷಯ. ಮುಂಬೈನಲ್ಲಿರುವ ವಿಂಡೋಸ್‌ನಿಂದ ಜೆ.ಜಿ.ಹಳ್ಳಿಯ ಹಳೇ ಡಾಟ್ ಮ್ಯಾಟ್ರಿಕ್ಸ್‌ಗೆ ಬಿಲ್ ಕಳಿಸಿ, ಅಕ್ಷರ ಸಾಲಿಗೆ ಸರಿಯಾಗಿ ಕೂರಿಸೋದು ಒಂದು ತಪಸ್ಸು; ಅದನ್ನ ಯಾವ ಕರಪತ್ರದಲ್ಲೂ ಬರೆದಿರೋದಿಲ್ಲ.

ದುಡ್ಡಿನ ಲೆಕ್ಕ ಹಾಕೋಣ. ತಿಂಗಳಿಗೆ 720 ಗಂಟೆ. ಅಂಗಡಿ ದಿನಕ್ಕೆ 11 ಗಂಟೆ, 26 ದಿನ ತೆರೆದಿದ್ದರೆ 286 ಗಂಟೆ. ಮಶೀನನ್ನ ರಾತ್ರಿ ನಿಲ್ಲಿಸಿದರೆ ಡಿಸ್ಕಿನ ಬಾಡಿಗೆಯಂಥ ಕೆಲವನ್ನು ಬಿಟ್ಟು ಗಂಟೆಯ ಬಾಡಿಗೆ ನಿಲ್ಲುತ್ತೆ, ಅಂದರೆ ಆ ಬಾಡಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ. ಆ ಉಳಿತಾಯ ಅಂಗಡಿಯವರಿಗೆ ಸಿಗುತ್ತಾ, ಮಧ್ಯದವರಿಗಾ? ಕೇಳಿ ನೋಡಬೇಕು. ಇದರ ಮೇಲೆ 18% ಜಿಎಸ್‌ಟಿ. ನೋಂದಾಯಿತ ದೊಡ್ಡ ವ್ಯಾಪಾರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ. ಕಾಂಪೊಸಿಷನ್ ಸ್ಕೀಮಿನಲ್ಲಿರುವ ಸಣ್ಣವರಿಗೆ ಬರಲ್ಲ, ಪೂರ್ತಿ ಕೈಯಿಂದಲೇ ಹೋಗುತ್ತೆ.

ಇನ್ನೊಂದು ಹೆದರಿಕೆಯ ಮಾತು ಚಲಾವಣೆಯಲ್ಲಿದೆ: "ಆಡಿಟ್ ಟ್ರೇಲ್ ಕಡ್ಡಾಯ ಆಗಿದೆ, ಸರ್ವರ್ ಬ್ಯಾಕಪ್ ಕಡ್ಡಾಯ, ಕ್ಲೌಡ್‌ಗೆ ಹೋಗದಿದ್ರೆ ದಂಡ." ತಿದ್ದಿದ ಪ್ರತಿಯೊಂದು ನಮೂದಿನ ಜಾಡು ಉಳಿಸುವ ತಂತ್ರಾಂಶವೇ ಇರಬೇಕು ಅನ್ನುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರೋದು ನಿಜ. ಲೆಕ್ಕದ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ದಿನಾ ಇರಬೇಕು ಅನ್ನೋದೂ ನಿಜ. ಆದರೆ ಇವೆರಡೂ ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಕಂಪನಿಗಳಿಗೆ. ಒಬ್ಬರೇ ಮಾಲೀಕರಿರುವ ಗೊಬ್ಬರದಂಗಡಿಗೆ ಅಲ್ಲ. ಕಂಪನಿಗೂ ಕ್ಲೌಡೇ ಬೇಕು ಅಂತ ನಿಯಮ ಎಲ್ಲೂ ಹೇಳಿಲ್ಲ.

ಅಂಗಡಿಗೆ ನಿಜವಾಗಿ ತಗಲುವ ನಿಯಮ ಬೇರೆ ಇದೆ, ಅದನ್ನ ಯಾರೂ ಹೇಳಲ್ಲ. ಜಿಎಸ್‌ಟಿ ಕಾಯ್ದೆಯ 36ನೇ ಕಲಂ ಪ್ರಕಾರ ನೋಂದಾಯಿತ ವ್ಯಾಪಾರಿ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್ ಕೊಡುವ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಆರು ವರ್ಷ. ಮೂರನೇ ವರ್ಷಕ್ಕೆ ಬಾಡಿಗೆ ಕಟ್ಟೋದು ನಿಲ್ಲಿಸಿದ್ರಿ ಅಂತಿಟ್ಕೊಳ್ಳಿ. ಮಶೀನ್ ಹೋಯ್ತು. ಅಧಿಕಾರಿ ಐದನೇ ವರ್ಷಕ್ಕೆ ಬಂದು ಪುಸ್ತಕ ಕೇಳಿದರೆ ಎಲ್ಲಿಂದ ತರ್ತೀರಿ?

ನಮಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ ಕೀಲಿಯದ್ದು. ಅಂಗಡಿಯವರು ನೇರವಾಗಿ ಅಮೆಜಾನ್ ಹತ್ತಿರ ಹೋಗುವುದು ಅಪರೂಪ. ಮಧ್ಯದಲ್ಲಿ ಒಬ್ಬ ಮಾರಾಟಗಾರ ಇರ್ತಾನೆ. ಖಾತೆ ಅವನದು, ರೂಟ್ ಇಮೇಲ್ ಅವನದು, ಕಾರ್ಡ್ ಅವನದು. ಅಂಗಡಿಯವರ ಕೈಯಲ್ಲಿರೋದು ಒಂದು ಯೂಸರ್ ಹೆಸರು, ಒಂದು ಪಾಸ್‌ವರ್ಡ್. ನಾಳೆ ಅವನು ಅಂಗಡಿ ಮುಚ್ಚಿದರೆ, ಅಥವಾ ಬಾಕಿ ವಿಷಯಕ್ಕೆ ಜಗಳ ಆದರೆ, ಕ್ಲೌಡ್ ಕಂಪನಿಯ ಕಣ್ಣಿಗೆ ಜೆ.ಜಿ.ಹಳ್ಳಿಯವರು ಯಾರೂ ಅಲ್ಲ.

ಇದು ಅತಿಯಾದ ಭಯ ಅನಿಸಿದರೆ ದೊಡ್ಡವರಿಗೆ ಆದದ್ದನ್ನ ನೋಡಿ. 2025ರ ಜುಲೈನಲ್ಲಿ ಯುರೋಪಿಯನ್ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ಗುಜರಾತಿನ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು, ಆಮೇಲೆ ಸೇವೆ ಮರಳಿತು. ಅವರಿಗೆ ಹೈಕೋರ್ಟಿಗೆ ಹೋಗುವ ತಾಕತ್ತಿತ್ತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಕ್ಲೌಡ್ ವ್ಯವಸ್ಥೆ ಗೂಗಲ್ ಕಡೆಯ ಒಂದು ಎಡವಟ್ಟಿನಿಂದ ಅಳಿಸಿಹೋಯಿತು. ಒಳಗಿನ ಒಂದು ಸಾಧನದಲ್ಲಿ ಒಂದು ಮೌಲ್ಯ ತುಂಬದೆ ಖಾಲಿ ಬಿಟ್ಟದ್ದೇ ಕಾರಣ. ಒಂದು ವರ್ಷದ ಅವಧಿ ಅಂತ ತಾನಾಗಿ ದಾಖಲಾಗಿ, ಅವಧಿ ಮುಗಿದ ಕೂಡಲೇ ಅಳಿಸಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಒಂದು ವಾರಕ್ಕೂ ಮಿಕ್ಕಿ ತಮ್ಮ ಖಾತೆ ಕಾಣಲಿಲ್ಲ. ಅವರು ಬೇರೊಬ್ಬರ ಹತ್ತಿರವೂ ಬ್ಯಾಕಪ್ ಇಟ್ಟಿದ್ದು ಆಗ ಕೆಲಸಕ್ಕೆ ಬಂತು. ಲ್ಯಾಬಿನಲ್ಲಿ ಡೀಫಾಲ್ಟ್ ಆರ್ಗ್ಯುಮೆಂಟ್ ಬಗ್ಗೆ ಆಕಳಿಸುತ್ತಾ ಕೇಳುವವರು ಇದನ್ನೊಮ್ಮೆ ನೆನೆಸಿಕೊಳ್ಳಿ.

ಭದ್ರತೆಯ ಮಾತಿಗೂ ಬರೋಣ. ಕ್ಲೌಡ್ ಕಂಪನಿಗಳು ತಮ್ಮ ಒಪ್ಪಂದದಲ್ಲಿ ಸ್ಪಷ್ಟವಾಗಿ ಹೇಳ್ತವೆ: ಕಟ್ಟಡ, ಯಂತ್ರ, ಜಾಲದ ಹೊಣೆ ನಮ್ಮದು; ಒಳಗೆ ನೀವು ಹಾಕಿದ ವಿಂಡೋಸ್, ಪಾಸ್‌ವರ್ಡ್, ಡೇಟಾದ ಹೊಣೆ ನಿಮ್ಮದು. ಈ ಎರಡನೇ ಅರ್ಧ ಅಂಗಡಿಯವರ ಕಿವಿಗೆ ಬೀಳೋದೇ ಇಲ್ಲ. ರಿಮೋಟ್ ಡೆಸ್ಕ್‌ಟಾಪಿನ 3389ನೇ ಪೋರ್ಟನ್ನ ಇಡೀ ಜಗತ್ತಿಗೆ ತೆರೆದಿಟ್ಟು, ಪಾಸ್‌ವರ್ಡ್‌ಗೆ ಅಂಗಡಿ ಹೆಸರಿನ ಮುಂದೆ 123 ಸೇರಿಸಿದರೆ, ಅದು ಅಂಗಡಿಯ ಕಂಪ್ಯೂಟರಿಗಿಂತ ಹೆಚ್ಚು ಅಪಾಯದಲ್ಲಿರುತ್ತೆ. ಬೀದಿಗೆ ಬಾಗಿಲಿಲ್ಲದ ಕಂಪ್ಯೂಟರಿಗೆ ಬೀದಿಯ ಕಳ್ಳ ಬರೋದು ಕಷ್ಟ. ಸಾರ್ವಜನಿಕ ವಿಳಾಸ ಇರುವ ಮಶೀನನ್ನ ಹಗಲೂ ರಾತ್ರಿ ಯಾರೋ ತಟ್ಟುತ್ತಲೇ ಇರ್ತಾರೆ. ನಂಬಿಕೆ ಇಲ್ಲದವರು ಒಂದು ಉಚಿತ ಮಶೀನ್ ತೆರೆದು ಲಾಗ್ ನೋಡಿ.

ಇಷ್ಟೆಲ್ಲ ಹೇಳಿದ್ದಕ್ಕೆ ನಾವು ಕ್ಲೌಡ್ ವಿರೋಧಿಗಳು ಅಂದುಕೊಳ್ಳಬೇಡಿ. ಒಂದೇ ಲೆಕ್ಕವನ್ನು ಹಲವು ಕಡೆಯಿಂದ ಬರೆಯಬೇಕಾದಾಗ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಏಷ್ಯಾದ ಮೊದಲ ಕೃಷಿ ಸಹಕಾರ ಸಂಘ ಅಂತ ಹೆಸರಾದದ್ದು ನಮ್ಮ ಗದಗ ಸೀಮೆಯ ಕಣಗಿನಹಾಳದ ಸಂಘ, 1905ರಲ್ಲಿ ಶುರುವಾದದ್ದು. ಅಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ 63,000 ಸಂಘಗಳಿಗೆ ಕ್ಲೌಡ್ ಮೇಲಿನ ಒಂದೇ ತಂತ್ರಾಂಶ. ಅಲ್ಲಿ ಅದು ಸರಿ. ಊರಿನ ಸಂಘದ ಪುಸ್ತಕ ಊರಿನವರ ಕೈಯಲ್ಲೇ ಸಿಕ್ಕಿಕೊಂಡಿದ್ದಾಗ ಏನೇನಾಗಬಹುದು ಅನ್ನೋದು ಹಳ್ಳಿಯಿಂದ ಬಂದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗೇ ಹಿರಿಯೂರಲ್ಲಿ ಅಂಗಡಿ, ಜೆ.ಜಿ.ಹಳ್ಳಿಯಲ್ಲಿ ಗೋದಾಮು, ಚಿತ್ರದುರ್ಗದಲ್ಲಿ ಆಡಿಟರ್ ಇರುವವರಿಗೂ ಬಾಡಿಗೆ ಕೊಟ್ಟದ್ದು ವ್ಯರ್ಥ ಅಲ್ಲ.

ಹೋಗುವವರು ಮೂರು ವಿಷಯ ಬರಹದಲ್ಲಿ ಪಡೆದು ಹೋಗಲಿ. ಖಾತೆ ಅಂಗಡಿಯ ಹೆಸರಲ್ಲಿ, ಅಂಗಡಿಯ ಇಮೇಲಿನಲ್ಲಿ ಇರಬೇಕು. ಬಿಟ್ಟು ಹೋಗುವಾಗ ಡೇಟಾ ಫೋಲ್ಡರ್ ಎಷ್ಟು ದಿನದೊಳಗೆ ಕೈಗೆ ಬರುತ್ತೆ ಅಂತ ಇರಬೇಕು. ಮತ್ತೆ "99.5% ಚಾಲ್ತಿ" ಅಂತ ಬರೆದಿದ್ದರೆ ಅದರರ್ಥ ತಿಂಗಳಿಗೆ 3.6 ಗಂಟೆ ನಿಂತರೂ ಕೇಳೋ ಹಾಗಿಲ್ಲ ಅನ್ನೋದನ್ನ ಮಾಲೀಕರಿಗೆ ಕನ್ನಡದಲ್ಲಿ ಹೇಳಿರಬೇಕು. ಒಪ್ಪಂದ ಇರೋದು ಇಂಗ್ಲಿಷಿನಲ್ಲಿ, ಸಹಿ ಬೀಳೋದು ಕನ್ನಡದಲ್ಲಿ. ಕನ್ನಡ ಸಂಘದವರಾದ ನಮಗೆ ಇದಕ್ಕಿಂತ ಒಳ್ಳೆ ಕೆಲಸ ಬೇಕಾ?

ಉಳಿದವರಿಗೆ, ಅಂದರೆ ಜೆ.ಜಿ.ಹಳ್ಳಿಯಂಥ ಊರಿನ ಒಂಟಿ ಅಂಗಡಿಯವರಿಗೆ, ಹಬ್ಬಕ್ಕೆ ಊರಿಗೆ ಹೋದಾಗ ಒಂದು ಗಂಟೆಯಲ್ಲಿ ಮಾಡಿಕೊಡಬಹುದಾದದ್ದು ಇದು. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ವೈ ಒತ್ತಿ ಬ್ಯಾಕಪ್ ತೆಗೆಯೋದು ಹೇಗೆ ಅಂತ ತೋರಿಸಿ. ದಿನಾ ಅಂಗಡಿ ಮುಚ್ಚುವಾಗ ಒಂದು ಪ್ರತಿ ಪೆನ್‌ಡ್ರೈವ್‌ಗೆ, ಅದು ಮನೆಗೆ ಹೋಗಬೇಕು, ಗಲ್ಲಾಪೆಟ್ಟಿಗೆಯಲ್ಲಿ ಇರಬಾರದು. ಇನ್ನೊಂದು ಪ್ರತಿ ಅವರದೇ ಹೆಸರಿನ ಕ್ಲೌಡ್ ಸಂಗ್ರಹಕ್ಕೆ, ಹಳೇ ಪ್ರತಿಗಳನ್ನು ಅಳಿಸದೆ ಉಳಿಸುವ ವ್ಯವಸ್ಥೆ ಹಾಕಿ, ಇಲ್ಲದಿದ್ದರೆ ವೈರಸ್ ತಗುಲಿದ ಫೈಲೇ ಒಳ್ಳೆ ಫೈಲಿನ ಮೇಲೆ ಕೂತುಬಿಡುತ್ತೆ. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನ ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡಿಸಿ. ಅದು ಮರೆತರೆ ಡೇಟಾ ತೆರೆಯೋಕೆ ಬೇರೆ ದಾರಿ ಇಲ್ಲ. ಆಮೇಲೆ ಆ ಬ್ಯಾಕಪ್ಪನ್ನ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅವರ ಎದುರೇ ರಿಸ್ಟೋರ್ ಮಾಡಿ. ಹೋದ ಯುಗಾದಿಯ ದಿನದ ಒಂದು ಬಿಲ್ ಹುಡುಕಿ ತೋರಿಸಿ. ಬಿಲ್ ಸಿಕ್ಕರೆ ಟೀ ಕುಡಿದು ಬನ್ನಿ. ಸಿಗದಿದ್ದರೆ ಬಸ್ಸು ತಪ್ಪಿದರೂ ಪರವಾಗಿಲ್ಲ, ಸಿಗುವವರೆಗೆ ಅಲ್ಲೇ ಕೂತ್ಕೊಳ್ಳಿ.