ಮೆಕೆಂಜಿಗೆ ‘ಜಿ’ ಬಂದದ್ದೆಲ್ಲಿಂದ?
ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ಇತಿಹಾಸದ ಬರಹಗಳನ್ನು, ಕೂಡಿಹಾಕಿದ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕರ್ನಲ್ ಕಾಲಿನ್ ಮೆಕೆಂಜಿ ಕನ್ನಡ ನಾಡಿನ ಇತಿಹಾಸ ಓದುವವರಿಗೆ ಹೊಸಬನಲ್ಲ. ಆದರೆ ಅವನ ಮನೆತನದ ಹೆಸರಿನ ಕೊನೆಯ ‘ಜಿ’ ಅಚ್ಚುಮೊಳೆಯೊಂದು ಮಾಡಿದ ಅವಾಂತರ. ಸ್ಕಾಟ್ಲೆಂಡಿನ ಗೇಲಿಕ್ ನುಡಿಯಲ್ಲಿ ‘ಮ್ಯಾಕ್’ ಎಂದರೆ ಮಗ; ಇಂಗ್ಲಿಷಿನಲ್ಲಿ ಕೆನೆತ್ ಎನಿಸಿಕೊಂಡ ‘ಕೊನ್ಯಖ್’ ಎಂಬವನ ಮಗ ಎಂಬುದೇ ಈ ಹೆಸರಿನ ಅರ್ಥ. ನಡುವಿನ ‘ಯ’ ಉಲಿಗೆ ಸ್ಕಾಟ್ಸ್ ಲಿಪಿಕಾರರು 3ರ ಅಂಕಿಯಂತೆ ಕಾಣುವ ‘ಯೋಗ್’ ಎಂಬ ಅಕ್ಷರ ಬಳಸಿದರು. ಮುದ್ರಕರ ಮೊಳೆಪೆಟ್ಟಿಗೆಯಲ್ಲಿ ಆ ಅಕ್ಷರ ಇಲ್ಲದಾಗ ಅದನ್ನೇ ಹೋಲುವ ಝಡ್ ಬಂದು ಕೂತಿತು. ಕಣ್ಣು ಕಂಡದ್ದನ್ನು ನಾಲಿಗೆ ನಂಬಿತು, ‘ಮಕೆನ್ಯಿ’ ಮೆಕೆಂಜಿಯಾಯಿತು. ಒಂದೇ ಹೆಸರಿನ ಸಾಕ್ಷ್ಯ ಸಾಲದು ಎನ್ನುವವರು ಮೆಂಜೀಸ್ ಎಂಬುದನ್ನು ನೋಡಲಿ: ಬರೆಯುವಾಗ ಅದೇ ಝಡ್, ಸ್ಕಾಟರ ಹಳೆಯ ವಾಡಿಕೆಯಲ್ಲಿ ಕರೆಯುವಾಗ ‘ಮಿಂಗಿಸ್’. ಡಾಲ್ಜೀಲ್ ಎಂದು ಓದಬಹುದಾದ ಇನ್ನೊಂದು ಹೆಸರು ಬಾಯಲ್ಲಿ ‘ಡೀಯೆಲ್’. ನಾಲಿಗೆ ಹಟ ಹಿಡಿದ ಕಡೆ ಹಳೆಯ ಉಲಿ ಉಳಿಯಿತು, ಸೋತ ಕಡೆ ಅಚ್ಚು ಗೆದ್ದಿತು. ಹಾಗಿದ್ದರೆ ತಪ್ಪನ್ನು ತಿದ್ದಬೇಡವೇ? ಬೇಡ. ಹಳಗನ್ನಡದ ೞಕಾರ ಹೋಯಿತೆಂದು ಇಂದಿನ ‘ಕೋಳಿ’ಯನ್ನು ಯಾರೂ ತಪ್ಪೆನ್ನುವುದಿಲ್ಲ. ನಮ್ಮಲ್ಲಿ ಉಲಿ ಸತ್ತು ಅಕ್ಷರ ಬಿತ್ತು. ಅಲ್ಲಿ ಅಕ್ಷರ ಬಿದ್ದು ಉಲಿ ಸತ್ತಿತು. ಎರಡು ಕಡೆಯೂ ಕೊನೆಯ ತೀರ್ಪು ಬಳಕೆಯದೇ. ಮನೆತನದ ಹೆಸರನ್ನು ರಕ್ತದ ದಾಖಲೆಯೆಂದು ಮೆರೆಸುವವರು ಅದರಲ್ಲಿ ಮೊಳೆ ಜೋಡಿಸಿದವನ ಬೆರಳಗುರುತೂ ಇದೆಯೆಂಬುದನ್ನು ಮರೆಯಬಾರದು.